ತೊಗಟೆಯ ಕಾವಲುಗಾರ

ಬೆಳಿಗ್ಗೆ ಏಳೂಕಾಲಿಗೆ, ಎಡಗೈಯಲ್ಲಿ ಮಾರ್ಮಲೇಡ್ ಸವರಿದ ಬ್ರೆಡ್ಡು ಹಿಡಿದುಕೊಂಡೇ, ಐವರ್ ಪ್ರಾಸರ್ ಬಲಗೈಯ ಹೆಬ್ಬೆರಳಿನಿಂದ ಒಬ್ಬ ಮನುಷ್ಯನನ್ನು ಶಾಶ್ವತವಾಗಿ ಹೊರಗೆ ಹಾಕಿದ. ಮನೆಯಿಂದಲ್ಲ, ಊರಿನಿಂದಲೂ ಅಲ್ಲ. ಮರ ಏರುವವರು, ಸವರುವವರು, ಕಡಿಯುವವರು ದೇಶದ ಮೂಲೆಮೂಲೆಯಿಂದ ಫೋನಿನಲ್ಲಿ ಬಂದು ಕೂತು ಹರಟುವ ‘ತೊಗಟೆ’ ಎಂಬ ಕಟ್ಟೆಯಿಂದ. ಹೊರಗೆ ಹೋದವನು ಅಲ್ಲಿ ‘ಮೊಂಡು ಗರಗಸ’ ಎಂದು ಹೆಸರಿಟ್ಟುಕೊಂಡಿದ್ದ. ಕಾರಣದ ಜಾಗದಲ್ಲಿ ಐವರ್ ‘ಅಸಭ್ಯ ವರ್ತನೆ’ ಎಂದು ಬರೆದ. ಬರೆದು, ಎದೆಯಲ್ಲಿ ನ್ಯಾಯಾಧೀಶನಿಗೆ ಆಗುವಂಥ ಒಂದು ಗಂಭೀರ ತೃಪ್ತಿ ಆಗುತ್ತದೆಂದು ಕಾದ. ಆಗಲಿಲ್ಲ. ಶೂಸಿನೊಳಗೆ ಹರಳು ಸೇರಿದಾಗ ಆಗುವಂಥದ್ದೇನೋ ಆಯಿತು. ಹೆಂಡತಿ ಮೆನ್ನಾ ಕೆಟಲಿನ ಪಕ್ಕದಿಂದ, “ಯಾಕೆ ಹಂಗೆ ಹಲ್ಲು ಕಚ್ಕೊಂಡಿದೀಯ?” ಎಂದಳು. “ಬ್ರೆಡ್ಡು ಗಟ್ಟಿ,” ಎಂದ ಐವರ್. ಬ್ರೆಡ್ಡು ಗಟ್ಟಿಯಿರಲಿಲ್ಲ. ಮೆನ್ನಾ ಅದನ್ನು ಆಗಷ್ಟೆ ಪೇಟೆಯಿಂದ ತಂದಿದ್ದಳು. ಬೆಳಗಿನ ಮೊದಲ ಸುಳ್ಳು ಇಷ್ಟು ಸಣ್ಣದಕ್ಕೆ ಖರ್ಚಾಯಿತಲ್ಲ ಎಂದು ಅವನಿಗೆ ಬೇಸರವೆನಿಸಿತು.

ತೊಗಟೆಗೆ ಮೂವರು ಕಾವಲುಗಾರರು. ಐವರ್ ಎರಡನೆಯವನು. ಹೆಸರೂ ಅದೇ, ‘ಕಾವಲು-ಎರಡು’. ಯಾರಿಗೂ ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಅಲ್ಲಿ ಎರಡೇ ನಿಯಮ ಇದ್ದವು: ಜೀವಕ್ಕೆ ಅಪಾಯವಾಗುವ ಸಲಹೆ ಕೊಡಬಾರದು, ಕೆಲಸ ಕೊಟ್ಟವರನ್ನು ಹೆಸರು ಹಿಡಿದು ಬಯ್ಯಬಾರದು. ಮೂರನೆಯದು, ರಾಜಕೀಯ ಮಾತಾಡಬಾರದು ಎಂಬುದು, ಈ ವರ್ಷ ಸೇರಿದ್ದು. ಸೇರಿದ್ದೇ ತಡ, ಎಲ್ಲರೂ ಅದನ್ನೇ ಮಾತಾಡತೊಡಗಿದರು. ಎಲ್ಲ ಶುರುವಾದದ್ದು ಎಣ್ಣೆಯಿಂದ. ನಾರ್ಫಕ್ ಕಡೆಯ ಒಬ್ಬ ಬಡಪಾಯಿ, ಚೈನ್‌ಸಾಗೆ ಯಾವ ಎಣ್ಣೆ ಒಳ್ಳೆಯದು, ಸಸ್ಯದ್ದೋ ಖನಿಜದ್ದೋ ಎಂದು ಕೇಳಿದ. ಸಸ್ಯದ ಎಣ್ಣೆ ಚಳಿಗೆ ಅಂಟಿನಂತೆ ಗಟ್ಟಿಯಾಗುತ್ತದೆ ಎಂದು ಒಬ್ಬ ಹೇಳಿದ. ನಾಲ್ಕನೆಯವನು, ‘ಯುರೋಪಿನವರು ಹೇಳಿದರು ಅಂತ ನಾವು ಗರಗಸಕ್ಕೆ ಅಡುಗೆ ಎಣ್ಣೆ ಹುಯ್ಯಬೇಕಾ?’ ಎಂದು ಬರೆದ. ಒಂಬತ್ತನೆಯ ಉತ್ತರದ ಹೊತ್ತಿಗೆ ‘ದೇಶದ್ರೋಹಿ’ ಎಂಬ ಮಾತು ಬಂದಿತ್ತು. ದೇಶ ಯುರೋಪ್ ಒಕ್ಕೂಟ ಬಿಡಬೇಕು ಎನ್ನುವವರು ಒಂದು ಕಡೆ, ಬಿಡಬಾರದು ಎನ್ನುವವರು ಒಂದು ಕಡೆ ಸಾಲಾಗಿ ನಿಂತರು. ನಡುನಡುವೆ ನಾರ್ಫಕ್‌ನವನು ಬಂದು, ‘ಹಾಗಾದ್ರೆ ಯಾವ ಎಣ್ಣೆ ಹಾಕಲಿ?’ ಎಂದು ಮೆಲ್ಲಗೆ ಕೇಳಿ ಹೋಗುತ್ತಿದ್ದ. ಅವನಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆಮೇಲೆ ಇಟಲಿಯ ಬೂಟಿನ ವಿಷಯಕ್ಕೆ ಜಗಳ, ಜರ್ಮನಿಯ ಗರಗಸದ ವಿಷಯಕ್ಕೆ ಜಗಳ. ಬೇಲಿ ಸವರುವಾಗ ಹಕ್ಕಿಗೂಡು ಸಿಕ್ಕಿದರೆ ಏನು ಮಾಡಬೇಕು ಎಂದು ಯಾರೋ ಕೇಳಿದ್ದಕ್ಕೆ, ‘ಮೊದಲು ಹಕ್ಕಿಯ ಪಾಸ್‌ಪೋರ್ಟ್ ನೋಡು’ ಎಂದು ಒಬ್ಬ ಬರೆದ.

ಮೊಂಡು ಗರಗಸ ಬಿಡಬೇಕು ಎನ್ನುವವರ ಕಡೆ. ಅವನ ಮುಖ್ಯ ಎದುರಾಳಿ ‘ಹಳೇ ಓಕ್’ ಎಂಬವನು. ಹಳೇ ಓಕ್ ಏಪ್ರಿಲ್‌ನಲ್ಲಿ ಬಂದು ಸೇರಿದವನು, ಮರದ ಬಗ್ಗೆ ಒಂದು ಸಾಲೂ ಬರೆದವನಲ್ಲ, ಆದರೆ ಮಾತಿಗೆ ಎಂಥ ಹರಿತ! ‘ನಿಮ್ಮ ತಲೆಗೆ ಆಶ್ ಮರದ ರೋಗ ತಗುಲಿದೆ, ತುದಿಯಿಂದ ಒಣಗುತ್ತಾ ಬರುತ್ತಿದೆ’ ಎಂದು ಅವನು ಬರೆದಾಗ ನಲವತ್ತು ಜನ ಮೆಚ್ಚಿದ್ದರು. ಆ ಸಾಲನ್ನು ಹಳೇ ಓಕ್ ಐವರನ ಸ್ನಾನದ ಮನೆಯಲ್ಲಿ, ನೀರು ಬಿಟ್ಟುಕೊಂಡು, ಮುಚ್ಚಿದ ಕಮೋಡಿನ ಮೇಲೆ ಕೂತು ಬರೆದಿದ್ದ. ಹಳೇ ಓಕ್ ಎಂದರೆ ಐವರನೇ. ಹಗಲೆಲ್ಲ ಗಿರಾಕಿಗಳ ಅಂಗಳದಲ್ಲಿ, “ಎರಡೂ ಕಡೆ ಏನೋ ಒಂದು ಸತ್ಯ ಇದ್ದೇ ಇರುತ್ತೆ ಬಿಡಿ,” ಎಂದು ಕೊಟ್ಟ ಟೀಯನ್ನೆಲ್ಲ ಕುಡಿಯುವ, ಐವತ್ತನಾಲ್ಕು ವರ್ಷದಲ್ಲಿ ಯಾರಿಗೂ ಎದುರುತ್ತರ ಕೊಡದ ಐವರ್. ನಿನ್ನೆ ಸಂಜೆ ಮೊಂಡು ಗರಗಸ ಬರೆದಿದ್ದ: ‘ಹೆಸರು ಹೇಳುವ ಧೈರ್ಯ ಇಲ್ಲದವನು ಓಕ್ ಅಲ್ಲ, ಓಕ್ ಮೇಲೆ ಬೆಳೆದ ಅಣಬೆ.’ ಓದಿದಾಗ ಐವರನ ಕಿವಿ ಬಿಸಿಯಾಯಿತು. ಹಳೇ ಓಕ್ ತಕ್ಕ ಉತ್ತರ ಹುಡುಕಿದ. ಸಿಗಲಿಲ್ಲ. ಬೆಳಿಗ್ಗೆ ಎದ್ದು ಕಾವಲು-ಎರಡು ಮಧ್ಯೆ ಪ್ರವೇಶಿಸಿದ.

ವ್ಯಾನು ಹತ್ತಿದ ಮೇಲೆ, ಪಕ್ಕದಲ್ಲಿ ಮರ್ವಿನ್ ಕೂತು ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ, ಐವರ್ ಇನ್ನೊಮ್ಮೆ ಫೋನು ನೋಡಿದ. ‘ಈ ಸದಸ್ಯರ 4,112 ಬರಹ ಮತ್ತು ಚಿತ್ರಗಳನ್ನು ಅಳಿಸಲಾಗಿದೆ’ ಎಂದಿತ್ತು. ನಿಷೇಧದ ಗುಂಡಿಯ ಕೆಳಗೆ ‘ಬರಹಗಳನ್ನೂ ಅಳಿಸು’ ಎಂಬ ಒಂದು ಸಣ್ಣ ಚೌಕ ಇರುತ್ತದೆ, ಅದಕ್ಕೂ ಹೆಬ್ಬೆರಳು ತಾಗಿತ್ತು; ಪರದೆಯ ಮೇಲೆ ಆ ಜಾಗದಲ್ಲಿ ಮಾರ್ಮಲೇಡಿನ ಅಂಟು ಸಾಕ್ಷಿಗೆ ಕೂತಿತ್ತು. ಸರಿಮಾಡಬಹುದಿತ್ತು. ಆಮೇಲೆ ಮಾಡೋಣ ಅಂದುಕೊಂಡ. “ಚಳಿ,” ಎಂದ ಮರ್ವಿನ್. ಅರವತ್ತಾರು ವರ್ಷದ ಮರ್ವಿನ್ ನೆಲದ ಕೆಲಸದವನು, ಬಿದ್ದ ಕೊಂಬೆಗಳನ್ನು ಚೂರು ಮಾಡುವ ಯಂತ್ರಕ್ಕೆ ತುರುಕುವವನು. ದಿನಕ್ಕೆ ಒಂದು ಮಾತಿನ ಲೆಕ್ಕದಲ್ಲಿ ಇವತ್ತಿನದು ಮುಗಿದಿತ್ತು. ಮೊದಲಾದರೆ ಇಬ್ಬರ ನಡುವೆ ಬೊಲೆಕ್ ಕೂರುತ್ತಿದ್ದ, ಸಾಸೇಜಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ಹೋಗುವ ಒಂದೊಂದು ಮರಕ್ಕೂ ಹಗ್ಗ ಎಲ್ಲಿ ಹಾಕಬಹುದು ಎಂದು ಬೆರಳು ತೋರಿಸುತ್ತಾ. ಒಂಬತ್ತು ವರ್ಷ ಐವರನ ಮರಗಳನ್ನೆಲ್ಲ ಏರಿದವನು ಅವನೇ. ಮಾರ್ಚಿನಲ್ಲಿ ಪೋಲೆಂಡಿಗೆ ವಾಪಸು ಹೋದ. ಐವರ್ ರೇಡಿಯೊ ಹಾಕಿದ. ರೇಡಿಯೊದಲ್ಲಿ ಚುನಾವಣೆಯ ಸುದ್ದಿ. ಆರಿಸಿದ.

ಮಿಸ್ ಪೆವರೆಲ್ ಅವರ ಮನೆ ಲಡ್ಲೊ ದಾಟಿ ಮೂರು ಮೈಲಿ. ನಿವೃತ್ತ ಹೆಡ್‌ಮೇಡಂ, ಎಂಬತ್ತೊಂದಾದರೂ ಗೇಟಿನ ಬಳಿ ಬಂದು ನಿಂತರೆ ದೊಡ್ಡವರೂ ಅಂಗಿಯ ಗುಂಡಿ ನೋಡಿಕೊಳ್ಳುತ್ತಾರೆ. ಅವರ ಎಡಗಡೆಯ ಕಿಟಕಿಯಲ್ಲಿ ಒಂದು ಪಕ್ಷದ ಭಿತ್ತಿಪತ್ರ, ಬಲಗಡೆಯದರಲ್ಲಿ ಇನ್ನೊಂದರದು. ಐವರ್ ನೋಡುತ್ತಿದ್ದುದನ್ನು ನೋಡಿ ಅವರೇ, “ಇಬ್ಬರೂ ನನ್ನ ತಂಗಿ ಮಕ್ಕಳು. ಇಬ್ಬರೂ ಅಂಟಿಸಿ ಅಂತ ಬಂದ್ರು. ಮತ ಯಾರಿಗೆ ಅನ್ನೋದನ್ನ ಮಾತ್ರ ನಾನೂ ಮತಗಟ್ಟೆಯ ಪೆನ್ಸಿಲ್ಲೂ ನೋಡ್ಕೋತೀವಿ,” ಎಂದರು. ಮನೆಯ ಮುಂದೆ ಎಪ್ಪತ್ತು ಅಡಿಯ ಆಶ್ ಮರ ರೋಗ ಹಿಡಿದು ನಿಂತಿತ್ತು, ತುದಿಯೆಲ್ಲ ಎಲುಬು. ರೋಗದ ಆಶ್ ಮರವನ್ನು ಯಾರೂ ಏರುವುದಿಲ್ಲ. ಗಟ್ಟಿಯಾಗಿ ಕಂಡ ಕೊಂಬೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅದಕ್ಕೇ ಐವರ್ ಲಿಫ್ಟ್ ಗಾಡಿ ಇಟ್ಟುಕೊಂಡ ಯಾರೋ ಪಾಸ್ಕೋ ಎಂಬವನಿಗೆ ಫೋನು ಮಾಡಿ ಕರೆದಿದ್ದ. ಉದ್ದ ತೋಳಿನ ತುದಿಯಲ್ಲಿ ಇಬ್ಬರು ನಿಲ್ಲುವ ಬುಟ್ಟಿ ಇರುವ ಆ ಗಾಡಿ ಆಗಲೇ ಬಂದು ನಿಂತಿತ್ತು. ಚಾಲಕನ ಸೀಟಿನಲ್ಲಿ ಒಂದು ನಾಯಿ ಕೂತಿತ್ತು. ಕಂದು ಬಣ್ಣದ ಸಣ್ಣ ಟೆರಿಯರ್, ಒಂದು ಕಣ್ಣಿಲ್ಲ.

ಐವರನ ಕಾಲು ಅಲ್ಲೇ ನಿಂತಿತು. ಆ ನಾಯಿಯನ್ನು ಅವನು ಯಾವತ್ತೂ ಕಂಡಿರಲಿಲ್ಲ, ಆದರೆ ಹನ್ನೊಂದು ವರ್ಷದಿಂದ ಪ್ರತಿದಿನ ನೋಡಿದ್ದ. ‘ಇವತ್ತಿನ ಮಧ್ಯಾಹ್ನದ ಊಟ’ ಎಂದು ತೊಗಟೆಯಲ್ಲಿ ಒಂದು ಸಾಲು ಇತ್ತು. ಅದರಲ್ಲಿ ದಿನಾ ಹನ್ನೆರಡೂವರೆಗೆ ಮೊಂಡು ಗರಗಸ ಹಾಕುವ ಚಿತ್ರ: ಕಡಿದ ಬೊಡ್ಡೆಯ ಮೇಲೆ ಒಂದು ಮಾಂಸದ ಪೈ, ಅದರ ಪಕ್ಕ ಪೈಯನ್ನೇ ಒಂಟಿಕಣ್ಣಿನಿಂದ ದಿಟ್ಟಿಸುವ ಡಚೆಸ್ ಎಂಬ ಈ ನಾಯಿ. ಯುರೋಪಿನ ಜಗಳದ ಎರಡೂ ಕಡೆಯವರು ಕತ್ತಿ ಕೆಳಗಿಟ್ಟು ಮೆಚ್ಚುತ್ತಿದ್ದ ಒಂದೇ ವಿಷಯ ಅದು. ಗಾಡಿಯ ಹಿಂದಿನಿಂದ ಒಬ್ಬ ಭಾರೀ ಆಸಾಮಿ, ಕೆಂಪು ಗಡ್ಡ, ಕೈ ಒರೆಸಿಕೊಳ್ಳುತ್ತಾ ಬಂದ.

“ಡೆನ್ಜಿಲ್ ಪಾಸ್ಕೋ. ಇವ್ಳು ಡಚೆಸ್. ಕಣ್ಣು ಒಂದೇ, ಆದ್ರೆ ಎಲ್ಲಾ ಕಾಣುತ್ತೆ ಅವ್ಳಿಗೆ.”

“ಆಹಾ, ಎಷ್ಟು ಒಳ್ಳೆ ನಾಯಿ,” ಎಂದ ಐವರ್. “ತುಂಬಾ ಒಳ್ಳೆ ನಾಯಿ. ಇಷ್ಟು ಒಳ್ಳೆ ನಾಯಿನ ನಾನು ನೋಡೇ ಇಲ್ಲ.” ಮೂರು ಸಲ ಹೇಳಿದ ಮೇಲೆ ನಾಯಿಯೇ ಸಂಶಯದಿಂದ ತಲೆ ಓರೆ ಮಾಡಿತು. ಮನುಷ್ಯ ಎಷ್ಟು ಕೀಳಾಗಬಹುದು ಎಂದು ಅವನೊಳಗೆ ಯಾರೋ ಹೇಳಿದರು, ಬಹುಶಃ ಹಳೇ ಓಕ್. ಅವನಿಗೆ ಮಾತ್ರ ಯಾವಾಗಲೂ ಮಾತು ಸಿದ್ಧ.

ಡೆನ್ಜಿಲ್ ಬುಟ್ಟಿಗೆ ಹತ್ತಿ, ಸೊಂಟದ ಪಟ್ಟಿಯ ಕೊಂಡಿ ಸಿಕ್ಕಿಸಿ, ಐವರನ ಕೊಂಡಿಯನ್ನೂ ತಾನೇ ಎಳೆದು ನೋಡಿದ. “ಸರಿಯಾಗಿ ಹಾಕ್ಕೊ ಮಾರಾಯ. ಇವತ್ತು ನನ್ ತಲೆ ಸರಿಯಿಲ್ಲ, ನೀನೂ ಬಿದ್ರೆ ಅದೊಂದು ಬೇರೆ.” ಬುಟ್ಟಿ ಏರತೊಡಗಿತು. ಮರ್ವಿನ್ ಕಿವಿಗೆ ಮುಚ್ಚಳ ಹಾಕಿಕೊಂಡು ಯಂತ್ರ ಚಾಲೂ ಮಾಡಿದ. ಇನ್ನು ಅವನಿಗೆ ಪ್ರಳಯವಾದರೂ ಕೇಳಿಸದು. ಕೆಳಗೆ ಮಿಸ್ ಪೆವರೆಲ್ ಸಣ್ಣಗಾದರು, ಎರಡು ಭಿತ್ತಿಪತ್ರಗಳೂ ಒಂದೇ ಬಣ್ಣದ ಎರಡು ಚುಕ್ಕೆಗಳಾದವು. ಡೆನ್ಜಿಲ್ ಕೆಲಸದಲ್ಲಿ ಮಹಾ ನಾಜೂಕಿನವನು. ಒಣಕೊಂಬೆಯನ್ನು ಮೊದಲು ಕೈಯಿಂದ ತಟ್ಟುತ್ತಿದ್ದ, ವೈದ್ಯರು ಬೆನ್ನು ತಟ್ಟುವ ಹಾಗೆ. ಆಮೇಲೆ ಮೊಳದುದ್ದ ಕೊಯ್ದು, ಐವರ್ ಹಿಡಿದುಕೊಂಡ ತುಂಡನ್ನು ಸರಿಯಾದ ಜಾಗ ನೋಡಿ ಬೀಳಿಸುತ್ತಿದ್ದ. ಈ ಕೈಗಳೇ ಆ ಸಾಲುಗಳನ್ನೆಲ್ಲ ಬರೆದದ್ದು ಎಂದು ಐವರನಿಗೆ ನಂಬಲಾಗಲಿಲ್ಲ. ಎಷ್ಟೋ ತಿಂಗಳಿಂದ ಮೊಂಡು ಗರಗಸಕ್ಕೆ ಅವನು ಮನಸ್ಸಿನಲ್ಲಿ ಒಂದು ಮುಖ ಕೊಟ್ಟಿದ್ದ: ತೆಳು ತುಟಿ, ಸಣ್ಣ ಕಣ್ಣು, ಅವನ ಶಾಲೆಯ ಗಣಿತದ ಮೇಷ್ಟರಂತೆ. ಈ ಗಡ್ಡ ಆ ಮುಖಕ್ಕೆ ಹೊಂದುತ್ತಲೇ ಇರಲಿಲ್ಲ.

“ಯಾಕೆ ತಲೆ ಸರಿಯಿಲ್ಲ?” ಎಂದು ಕೇಳಿದ. ಕೇಳಬಾರದಿತ್ತು. ಹಲ್ಲುನೋವಿನ ಜಾಗವನ್ನೇ ನಾಲಿಗೆ ಮುಟ್ಟಿ ನೋಡುವ ಹಾಗೆ ಕೇಳಿಬಿಟ್ಟ.

“ನೀನು ತೊಗಟೆಯಲ್ಲಿದೀಯಾ?”

“ಯಾವಾಗಾದ್ರೂ ನೋಡ್ತೀನಿ.”

“ನನ್ನ ಆಚೆ ಹಾಕಿದಾರೆ. ಬೆಳಿಗ್ಗೆ ಎದ್ದು ನೋಡ್ತೀನಿ, ಬಾಗ್ಲು ಬಂದ್. ಹೋಗ್ಲಿ, ನಾನೂ ಏನೋ ಅಂದೆ, ಅವ್ನೂ ಏನೋ ಅಂದ. ಆದ್ರೆ ನಂದೆಲ್ಲಾ ಅಳಿಸಿಬಿಟ್ಟಿದಾರೆ ಗುರು. ಡಚೆಸ್ ಮರಿಯಾಗಿದ್ದಾಗಿಂದ ಇರೋ ಫೋಟೊ. ಎರಡೂ ಕಣ್ಣಿದ್ದಾಗಿನ ಫೋಟೊ. ನನ್ ಫೋನು ಎರಡು ಸಲ ಚೂರು ಮಾಡೋ ಯಂತ್ರದೊಳಗೆ ಹೋಗಿದೆ, ನನ್ಹತ್ರ ಒಂದೂ ಇಲ್ಲ.” ಗರಗಸ ಗುರುಗುಟ್ಟಿತು, ಒಂದು ಕೊಂಬೆ ಬಿತ್ತು. “ಹೆಂಡ್ತಿ ಹೋದ್ಮೇಲೆ ಮಧ್ಯಾಹ್ನದ ಊಟ ಒಬ್ನೇ ಮಾಡೋದು ಕಷ್ಟ. ಫೋಟೊ ಹಾಕಿದ್ರೆ ನಾಕು ಜನ ‘ಇವತ್ತೇನು ಪೈ?’ ಅಂತಿದ್ರು. ಮಾಡಿದ್ಯಾರು ಗೊತ್ತಾ? ಕಾವಲು-ಎರಡು ಅಂತೆ. ಹೆಸ್ರು ನೋಡು! ಬಸ್ಸಿನ ನಂಬರ್ ಇದ್ದ ಹಾಗೆ. ಕಾರಣ ಏನ್ ಬರ್ದಿದಾನೆ ಹೇಳು? ‘ಅನುಚಿತ ವರ್ತನೆ.’”

“‘ಅನುಚಿತ’ ಅಲ್ಲ,” ಎಂದ ಐವರ್. “‘ಅಸಭ್ಯ’.”

ಹೇಳಿದ್ದು ಅವನಲ್ಲ. ಬೇರೆಯವರು ತಪ್ಪು ಕಾಗುಣಿತ ಬರೆದರೆ ರಾತ್ರಿ ನಿದ್ದೆ ಬಾರದ, ಬಾಲ್ಯದಿಂದ ಅವನ ಜೊತೆಗೇ ಬೆಳೆದ ಒಂದು ರೋಗ ಹೇಳಿತ್ತು. ಡೆನ್ಜಿಲ್ ಗರಗಸ ಆರಿಸಿದ. ಕೆಳಗೆ ಮರ್ವಿನನ ಯಂತ್ರದ ಸದ್ದು ಮಾತ್ರ ಉಳಿಯಿತು. ಒಂದು ಕಾಗೆ ಬುಟ್ಟಿಯ ಪಕ್ಕದಲ್ಲಿ ಹಾದು ಹೋಯಿತು, ಅವರಿಬ್ಬರಿಗಿಂತ ಸ್ವಲ್ಪ ಕೆಳಗೆ. ಐವರನಿಗೆ ತಪ್ಪಿಸಿಕೊಳ್ಳಲು ಇನ್ನೂ ದಾರಿಯಿತ್ತು. ಎಲ್ಲೋ ಓದಿದೆ ಎನ್ನಬಹುದಿತ್ತು. ಹೊರಹಾಕಿದ ಕಾರಣ ಬೇರೆ ಸದಸ್ಯರಿಗೆ ಕಾಣುವುದಿಲ್ಲ ಎಂಬುದು ಡೆನ್ಜಿಲ್‌ಗೆ ಗೊತ್ತಿರದೆಯೂ ಇರಬಹುದಿತ್ತು. ಆದರೆ ಅರವತ್ತೈದು ಅಡಿ ಮೇಲೆ, ನಾಲ್ಕಡಿ ಬುಟ್ಟಿಯಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನಿಂತವನ ಮುಖ ನೋಡದಿರುವುದಕ್ಕೆ ಜಾಗವೇ ಇರಲಿಲ್ಲ.

“ನಿಂಗೆ ಹೆಂಗ್ ಗೊತ್ತು?”

“ಕಾವಲು-ಎರಡು ನಾನೇ.”

ಡೆನ್ಜಿಲ್ ಗಡ್ಡ ಕೆರೆದುಕೊಂಡ. “ಸರಿ. ನಿಯಮ ಅಂದ್ರೆ ನಿಯಮ ಅಂತಿಟ್ಕೊ. ಹಂಗಾದ್ರೆ ಆ ಹಳೇ ಓಕ್‌ನ ಯಾಕೆ ಬಿಟ್ಟೆ? ನನ್ ತಲೆಗೆ ರೋಗ ಅಂದೋನು ಅವ್ನು.”

“ಅದೂ...”

“ಅದೂ?”

“ಅದೂ ನಾನೇ.”

ಡೆನ್ಜಿಲ್ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಐವರನನ್ನು ಮೇಲಿಂದ ಕೆಳಗೆ ನೋಡಿದ. “ಒಳಗೆ ಇನ್ಯಾರಾದ್ರೂ ಇದಾರಾ?”

“ಇಲ್ಲ. ಅಷ್ಟೆ.”

“ಪಕ್ಕಾ?”

“ಪಕ್ಕಾ.”

ಡೆನ್ಜಿಲ್ ಸನ್ನೆಗೋಲಿಗೆ ಕೈ ಹಾಕಿದ. ಇಳಿಸುತ್ತಾನೆ, ಇಳಿಸಿ ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ, ಅರ್ಧ ಕಡಿದ ಮರದ ಕೆಳಗೆ ಮಿಸ್ ಪೆವರೆಲ್ ಮುಂದೆ ತಾನು ಕಿವಿ ಹಿಡಿಸಿಕೊಂಡ ವಿದ್ಯಾರ್ಥಿಯಂತೆ ನಿಲ್ಲಬೇಕಾಗುತ್ತದೆ ಎಂದು ಐವರ್ ಎಣಿಸುತ್ತಿರುವಾಗಲೇ ಬುಟ್ಟಿ ಜರ್ರನೆ ಇನ್ನೂ ಹತ್ತಡಿ ಮೇಲಕ್ಕೆ ಹೋಗಿ, ಮರದ ತಲೆಯನ್ನೂ ದಾಟಿ, ಬರೀ ಆಕಾಶದಲ್ಲಿ ನಿಂತು ತೂಗಿತು.

“ಇಲ್ಲಿ ಸಿಗ್ನಲ್ ಚೆನ್ನಾಗಿರುತ್ತೆ,” ಎಂದ ಡೆನ್ಜಿಲ್. “ಮೊದ್ಲು ನನ್ ಡಚೆಸ್‌ನ ವಾಪಸ್ ತಾ.”

ಐವರ್ ಕೈಗವಸು ಬಿಚ್ಚಿ, ಮರಗಟ್ಟಿದ ಬೆರಳುಗಳಿಂದ ಫೋನು ತೆಗೆದ. ಅಳಿಸಿದ್ದು ಮೂವತ್ತು ದಿನ ಕಸದ ಡಬ್ಬಿಯಲ್ಲಿರುತ್ತದೆ ಎಂದು ವಿವರಿಸಹೋದ. ಡೆನ್ಜಿಲ್ ವಿವರಣೆ ಕೇಳುವ ಮುಖ ಮಾಡಲಿಲ್ಲ. ಐವರ್ ಎರಡು ಸಲ ತಪ್ಪು ಗುಂಡಿ ಒತ್ತಿದ. ಮೂರನೆಯ ಸಲಕ್ಕೆ ನಾಲ್ಕು ಸಾವಿರದ ನೂರಾ ಹನ್ನೆರಡೂ ಒಂದೊಂದಾಗಿ ಹಿಂದಕ್ಕೆ ಬರತೊಡಗಿದವು. ಎರಡು ಕಣ್ಣಿನ ಮರಿ ಡಚೆಸ್ ಒಂದು ಬೂಟಿನೊಳಗಿಂದ ಇಣುಕಿತು. ಡೆನ್ಜಿಲ್ ಫೋನು ಇಸಕೊಂಡು ಅದನ್ನೇ ನೋಡುತ್ತಾ ಮೂಗು ಸೀಟಿದ. ಆಮೇಲೆ ಫೋನನ್ನು ಐವರನ ಜೇಬಿಗೆ ತಾನೇ ತುರುಕಿ, ಬುಟ್ಟಿಯ ಅಂಚಿಗೆ ಒರಗಿ ನಿಂತ.

“ಈಗ ಕೇಳು. ನಿನ್ನೆ ಉಳಿದ ಮಾತು ಅರ್ಧ ಬರ್ದಿದ್ದೆ, ನೀನು ಬಾಗ್ಲು ಹಾಕ್ದೆ. ಇಲ್ಲಿ ಬಾಗ್ಲಿಲ್ಲ.”

ಅವನು ಹೇಳತೊಡಗಿದ. ಕಾರ್ನ್‌ವಾಲಿನ ಕಡಲ ಮಗ್ಗುಲಲ್ಲಿ ಹುಟ್ಟಿದವನು, ಅಪ್ಪನದು ಮರದ ದೋಣಿ, ನಲವತ್ತಡಿ. ಇಂತಿಷ್ಟೇ ಮೀನು ಹಿಡಿಯಬೇಕೆಂದು ಯುರೋಪಿನಿಂದ ಕಟ್ಟಳೆ ಬಂತು, ದೋಣಿ ಒಡೆದುಹಾಕಿದವರಿಗೆ ಪರಿಹಾರ ಎಂಬ ಕಾಗದ ಬಂತು. ಮಾರುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ, ಒಡೆಯಲೇಬೇಕು. “ದೋಣಿ ಒಡೆಯೋಕೆ ಜನ ಬೇಕಿತ್ತು. ಆಗ ನಾನು ಚೈನ್‌ಸಾ ಕಲ್ತಿದ್ದೆ. ನನ್ನ ಮೊದಲ್ನೇ ಕೆಲ್ಸ ಅದೇ ಮಾರಾಯ. ಮರ ಅಲ್ಲ. ಅಪ್ಪನ ದೋಣಿ. ಅವ್ನು ಗೋಡೆ ಮೇಲೆ ಕೂತು, ‘ಅಡಿಯ ದಿಮ್ಮಿ ಹತ್ರ ಹುಷಾರು, ಓಕ್ ಅದು, ಗಟ್ಟಿ’ ಅಂತ ಹೇಳ್ಕೊಡ್ತಿದ್ದ.” ಡೆನ್ಜಿಲ್ ಮುಂದುವರಿಸಿದ: ಎರಡನೆಯದು ಎಣ್ಣೆಯ ಮಾತು, ಮೂರನೆಯದು ಕೂಲಿಯ ಮಾತು. ಹೊರಗಿನಿಂದ ಬಂದು ಮರ ಏರುವವರಿಂದಲೇ ಇಲ್ಲಿಯವರಿಗೆ ಕೆಲಸ ತಪ್ಪಿದ್ದು, ಅವರೆಲ್ಲ ಹೋದರೆ ಎಲ್ಲ ಸರಿಹೋಗುತ್ತದೆ ಎಂದ. “ಹ್ಞೂಂ, ನಂದಾಯ್ತು. ಈಗ ನೀನು ಹೇಳು. ಮರ ಕಡಿಯೋನು ನೀನು, ಯಾವ ಕಷ್ಟಕ್ಕೆ ಅಣಬೆ ಆದೆ?”

ಕಾವಲು, ಓಕ್ ಎಂಬ ಹೆಸರುಗಳ ಮರೆಯಿಲ್ಲದೆ ಮಾತಾಡಿ ಐವರನಿಗೆ ಅಭ್ಯಾಸವಿರಲಿಲ್ಲ. ಬೆರಳುಗಳು ಗಾಳಿಯಲ್ಲಿ ಅಕ್ಷರ ಹುಡುಕಿದವು. ನಿಂತುನಿಂತು ಹೇಳಿದ. ಮಾರ್ಚಿನಲ್ಲಿ ಒಂದು ದಿನ ಅಂಗಡಿಯ ಸಾಲಿನಲ್ಲಿ ಬೊಲೆಕ್ ಮುಂದೆ, ತಾನು ಹಿಂದೆ. ಬೊಲೆಕ್ ಫೋನಿನಲ್ಲಿ ಮಗಳ ಜೊತೆ ತನ್ನ ಭಾಷೆಯಲ್ಲಿ ಏನೋ ಹಾಡು ಹೇಳುತ್ತಿದ್ದ, ಅವಳ ಹುಟ್ಟುಹಬ್ಬವಂತೆ. ಪಕ್ಕದವನೊಬ್ಬ, ಮನೆಗೆ ಹೋಗಿ ಹಾಡು, ಇಲ್ಲಿ ಮನುಷ್ಯರ ಭಾಷೆ ಮಾತಾಡು, ಎಂದ. ಇಡೀ ಸಾಲು ಕೇಳಿಸಿಕೊಂಡಿತು. ಬೊಲೆಕ್ ತಿರುಗಿ ನೋಡಿದ, ಆ ಮನುಷ್ಯನನ್ನಲ್ಲ, ಐವರನನ್ನು. “ನಾನು ಕೈಯಲ್ಲಿದ್ದ ಸೂಪಿನ ಡಬ್ಬಿ ಓದ್ತಾ ಇದ್ದೆ,” ಎಂದ ಐವರ್. “ಹಿಂದೂ ಮುಂದೂ ಪೂರ್ತಿ ಓದ್ದೆ. ಉಪ್ಪು ಎಷ್ಟಿದೆ ಅಂತ ಈಗ್ಲೂ ಹೇಳ್ತೀನಿ ಬೇಕಾದ್ರೆ. ಬೊಲೆಕ್ ಹದಿನೈದು ದಿನಕ್ಕೆ ಹೊರಟ. ಅವ್ನು ಹೋದ ವಾರ ಹಳೇ ಓಕ್ ಖಾತೆ ತೆರೆದೆ. ಅಲ್ಲಿಂದ ದಿನಾ ಉತ್ತರ ಕೊಡ್ತಿದೀನಿ, ಅಂಗಡಿ ಸಾಲಲ್ಲಿ ಹಂಗಂದೋನಿಗೆ. ಅವ್ನ ಬದ್ಲು ನೀನು ಸಿಕ್ಕಿದೆ.”

ಡೆನ್ಜಿಲ್ ಕೆಳಗೆ ನೋಡುತ್ತಿದ್ದ. “ಹಂಗಂದೋನು ನಾನಲ್ಲ,” ಎಂದ, ಸ್ವಲ್ಪ ಸಣ್ಣ ದನಿಯಲ್ಲಿ.

“ಗೊತ್ತು.”

“ನಾನು ಸಾಲಲ್ಲಿದ್ದಿದ್ರೆ ಅವ್ನಿಗೆ ಎರಡು ಬಿಡ್ತಿದ್ದೆ.”

“ಅದೂ ಗೊತ್ತು. ಆದ್ರೆ ಅವ್ನು ಅಂದಿದ್ದನ್ನೇ ನೀನೂ ಈಗ ಅಂದೆ. ಸ್ವಲ್ಪ ಮರ್ಯಾದೆಯಿಂದ.”

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಐವರ್ ಬುಟ್ಟಿಯ ಕಂಬಿ ಗಟ್ಟಿಯಾಗಿ ಹಿಡಿದುಕೊಂಡ. ಡೆನ್ಜಿಲನ ಕೆನ್ನೆ ಗಡ್ಡದ ಬಣ್ಣಕ್ಕೆ ತಿರುಗಿತು. ಒಬ್ಬನ ಮುಖ ತನ್ನ ಮಾತಿಗೆ ಬಣ್ಣ ಬದಲಿಸುವುದನ್ನು ಐವರ್ ಮೊದಲ ಸಲ ಇಷ್ಟು ಹತ್ತಿರದಿಂದ ನೋಡುತ್ತಿದ್ದ.

“ಏನಂದೆ?”

“ಕೇಳಿಸ್ತಲ್ಲ.”

ಅಷ್ಟರಲ್ಲಿ ಕೆಳಗಿನಿಂದ ಅಂಗಳಗಳನ್ನೂ ತರಗತಿಗಳನ್ನೂ ಐವತ್ತು ವರ್ಷ ಆಳಿದ ದನಿ ಮೇಲೇರಿ ಬಂತು. “ಏನ್ರಪ್ಪಾ, ಮರ ಇರೋದು ಕೆಳಗೆ! ಅಲ್ಲೇನು ಕಡೀತಿದೀರಿ ನೀವಿಬ್ಬರೂ? ಟೀ ಆರಿ ಹೋಗ್ತಿದೆ!” ಯಂತ್ರದ ಪಕ್ಕದಲ್ಲಿದ್ದ ಮರ್ವಿನ್ ತಲೆಯೆತ್ತಿ, ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಎಂದು ತಿಳಿದು ಹೆಬ್ಬೆರಳು ತೋರಿಸಿದ. ಡೆನ್ಜಿಲ್ ಉಸಿರು ಬಿಟ್ಟ. ಸಿಟ್ಟೋ ನಗುವೋ ತಿಳಿಯದ ಒಂದು ಸದ್ದು ಗಡ್ಡದೊಳಗಿಂದ ಬಂತು. “ಸರಿ ಬಿಡು,” ಎಂದ. “ಟೀ ಕುಡಿಯೋಣ. ಯಾರು ಯಾರ ತಲೆನ ಬದಲಾಯಿಸಿದಾರೆ?” ಎಂದು ಇಳಿಸುವ ಸನ್ನೆಗೋಲಿಗೆ ಕೈ ಚಾಚಿದ.

ಐವರ್ ತನ್ನ ಕೈಯನ್ನು ಅದರ ಮೇಲೆ ಅಡ್ಡ ಇಟ್ಟ.

“ತಡಿ,” ಎಂದ. “ದೋಣಿ ವಿಷಯ ಒಪ್ಪಿದೆ. ಎಣ್ಣೆ ವಿಷಯ ನಂಗೂ ಗೊತ್ತಿಲ್ಲ. ಮೂರನೇದು, ಆ ಕೂಲಿ ಮಾತು ಮಾತ್ರ ಶುದ್ಧ ತಪ್ಪು, ಡೆನ್ಜಿಲ್. ಯಾಕೆ ಅಂತ ಹೇಳ್ತೀನಿ. ನನ್ನ ಹೆಸ್ರು ಐವರ್ ಪ್ರಾಸರ್.”

ಕೊನೆಯ ಮಾತನ್ನು ಅವನು ಬೇಕಾದ್ದಕ್ಕಿಂತ ಜೋರಾಗಿ ಹೇಳಿದ್ದ. ಕೆಳಗೆ ಮಿಸ್ ಪೆವರೆಲ್, “ಅದು ನಮಗೆ ಗೊತ್ತು ಕಣಪ್ಪಾ, ಇಳೀರಿ!” ಎಂದರು.